ಅಮೆರಿಕದ ಐದು ದೊಡ್ಡ ಪ್ರಕಾಶನ ಸಂಸ್ಥೆಗಳು: ಲೇಖಕರು ತಿಳಿದಿರಬೇಕಾದದ್ದು

ನೀವು ಬರೆಯುತ್ತಿರುವ ಕೃತಿಗೆ ಹತ್ತಿರವೆನಿಸುವ, ಈಚಿನ ಎರಡು ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪುಸ್ತಕವೊಂದನ್ನು ತೆಗೆದುಕೊಂಡು ಅದರ ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿ. ಪುಸ್ತಕದ ಬೆನ್ನಿನ ಮೇಲೆ ನಾಫ್ ಅಥವಾ ವೈಕಿಂಗ್ ಎಂದಿದ್ದರೆ ಈ ಪುಟದ ಸಣ್ಣ ಅಕ್ಷರಗಳಲ್ಲಿ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಎಂಬ ಹೆಸರು ಸಿಗುತ್ತದೆ; ಸ್ಕ್ರಿಬ್ನರ್ ಎಂದಿದ್ದರೆ ಸೈಮನ್ ಅಂಡ್ ಶುಸ್ಟರ್, ವಿಲಿಯಂ ಮೊರೊ ಎಂದಿದ್ದರೆ ಹಾರ್ಪರ್‌ಕಾಲಿನ್ಸ್, ಲಿಟಲ್ ಬ್ರೌನ್ ಎಂದಿದ್ದರೆ ಹ್ಯಾಶೆಟ್, ಟಾರ್ ಎಂದಿದ್ದರೆ ಮ್ಯಾಕ್‌ಮಿಲನ್. ಬೆನ್ನಿನ ಮೇಲಿರುವ ಹೆಸರನ್ನು ಇಂಪ್ರಿಂಟ್ ಎನ್ನುತ್ತಾರೆ. ಅದಕ್ಕೆ ತನ್ನದೇ ಸಂಪಾದಕರು, ತನ್ನದೇ ಅಭಿರುಚಿ ಇರುತ್ತವೆ. ಹಸ್ತಪ್ರತಿಯನ್ನು ಓದಿ ಬೇಕು ಅಥವಾ ಬೇಡ ಎನ್ನುವವರು ಇಂಪ್ರಿಂಟಿನ ಸಂಪಾದಕರೇ ಹೊರತು ಮೇಲಿನ ಮಹಾಸಂಸ್ಥೆಯಲ್ಲ. ಆದ್ದರಿಂದ ಐದು ಸಂಸ್ಥೆಗಳ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ನಿಮ್ಮ ಬಗೆಯ ಪುಸ್ತಕಗಳನ್ನು ಪ್ರಕಟಿಸುವ ಏಳೆಂಟು ಇಂಪ್ರಿಂಟುಗಳನ್ನು ಗುರುತಿಸಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

ಹಾಗೆಂದು ಒಡೆತನವನ್ನು ಕಡೆಗಣಿಸುವಂತಿಲ್ಲ. ಪೆಂಗ್ವಿನ್ ಮತ್ತು ರ‍್ಯಾಂಡಮ್ ಹೌಸ್ 2013ರಲ್ಲಿ ಒಂದಾದವು, 2020ರಿಂದ ಅದರ ಪೂರ್ಣ ಒಡೆತನ ಜರ್ಮನಿಯ ಬರ್ಟೆಲ್ಸ್‌ಮನ್ ಸಂಸ್ಥೆಯದು. ಮ್ಯಾಕ್‌ಮಿಲನ್ ಕೂಡ ಜರ್ಮನಿಯದೇ ಆದ ಹೋಲ್ಟ್ಸ್‌ಬ್ರಿಂಕ್ ಸಮೂಹಕ್ಕೆ ಸೇರಿದೆ. ಹ್ಯಾಶೆಟ್ ಫ್ರೆಂಚರದು, ಹಾರ್ಪರ್‌ಕಾಲಿನ್ಸ್ ನ್ಯೂಸ್ ಕಾರ್ಪ್‌ನದು. ಸೈಮನ್ ಅಂಡ್ ಶುಸ್ಟರನ್ನು ಪೆಂಗ್ವಿನ್ ರ‍್ಯಾಂಡಮ್ ಹೌಸ್ ಕೊಳ್ಳಲು ಹೊರಟಾಗ ಅಮೆರಿಕದ ನ್ಯಾಯಾಂಗ ಇಲಾಖೆ ದಾವೆ ಹೂಡಿತು. 2022ರ ಅಕ್ಟೋಬರಿನಲ್ಲಿ ನ್ಯಾಯಾಲಯ ಆ ವ್ಯವಹಾರವನ್ನು ತಡೆಯಿತು. ಮರುವರ್ಷ ಕೆಕೆಆರ್ ಎಂಬ ಹೂಡಿಕೆ ಸಂಸ್ಥೆ ಸೈಮನ್ ಅಂಡ್ ಶುಸ್ಟರನ್ನು 162 ಕೋಟಿ ಡಾಲರಿಗೆ ಕೊಂಡಿತು. ಆ ಮೊಕದ್ದಮೆಯಲ್ಲಿ ಸರ್ಕಾರದ ವಾದ ನಿಂತಿದ್ದು ಓದುಗರು ತೆರುವ ಬೆಲೆಯ ಮೇಲಲ್ಲ, ಲೇಖಕರು ಪಡೆಯುವ ಮುಂಗಡದ ಮೇಲೆ: ಎರಡೂವರೆ ಲಕ್ಷ ಡಾಲರು ಅಥವಾ ಅದಕ್ಕೂ ಹೆಚ್ಚಿನ ಮುಂಗಡದ ಪುಸ್ತಕಗಳಿಗೆ ಪೈಪೋಟಿ ನಡೆಸುವ ಕೈಗಳು ಕಡಿಮೆಯಾದರೆ ಲೇಖಕರಿಗೆ ಸಿಗುವ ಹಣವೂ ಇಳಿಯುತ್ತದೆ ಎಂಬುದು ಅದರ ತಿರುಳು. ಒಡೆತನದ ಸುದ್ದಿ ಲೇಖಕರಿಗೆ ಮುಖ್ಯವಾಗುವುದು ಇಲ್ಲಿಯೇ.

ಈ ಸಂಸ್ಥೆಗಳ ಬಹುಪಾಲು ಇಂಪ್ರಿಂಟುಗಳು ಲೇಖಕರಿಂದ ನೇರವಾಗಿ ಹಸ್ತಪ್ರತಿ ಸ್ವೀಕರಿಸುವುದಿಲ್ಲ. ಲೇಖಕರ ಪರವಾಗಿ ಪ್ರಕಾಶಕರೊಂದಿಗೆ ವ್ಯವಹರಿಸುವ ಏಜೆಂಟರ ಮೂಲಕವೇ ಹೋಗಬೇಕು. ಕಾದಂಬರಿಯಾದರೆ ಕೃತಿಯನ್ನು ಪೂರ್ತಿ ಬರೆದು ಮುಗಿಸಿಯೇ ಏಜೆಂಟರಿಗೆ ಒಂದು ಪುಟದ ಪತ್ರ ಬರೆಯಿರಿ. ಕಥನೇತರ ಕೃತಿಯಾದರೆ ಸಾಮಾನ್ಯವಾಗಿ ವಿವರವಾದ ಪ್ರಸ್ತಾವನೆ ಮತ್ತು ಒಂದೆರಡು ಮಾದರಿ ಅಧ್ಯಾಯಗಳು ಸಾಕು. ಯಾವ ಏಜೆಂಟರಿಗೆ ಬರೆಯಬೇಕೆಂಬುದಕ್ಕೆ ಉತ್ತರ ನೀವು ಮೊದಲು ತೆಗೆದ ಪುಸ್ತಕದ ಕೊನೆಯಲ್ಲಿಯೇ ಇರುವ ಸಂಭವ ಹೆಚ್ಚು. ಕೃತಜ್ಞತೆಯ ಪುಟದಲ್ಲಿ ಲೇಖಕರು ಏಜೆಂಟರನ್ನೂ ಸಂಪಾದಕರನ್ನೂ ಹೆಸರು ಹೇಳಿ ನೆನೆಯುವುದು ವಾಡಿಕೆ. ಆ ಪುಟವನ್ನು ಹಾರಿಸಿ ಓದುವವರೇ ಹೆಚ್ಚು. ಏಜೆಂಟರ ಪಾಲು ಸಾಮಾನ್ಯವಾಗಿ 15 ಪ್ರತಿಶತ, ವಿದೇಶಿ ಹಕ್ಕುಗಳ ಮಾರಾಟದಲ್ಲಿ 20 ಪ್ರತಿಶತ. ಅದು ಲೇಖಕರಿಗೆ ಬರುವ ಹಣದಲ್ಲಿ ಕಡಿತವಾಗುತ್ತದೆಯೇ ವಿನಾ ಮೊದಲೇ ಕೊಡಬೇಕಾದದ್ದಲ್ಲ. ಓದುವ ಶುಲ್ಕ ಕೇಳುವ ಏಜೆಂಟರಿಂದಲೂ, ಮುದ್ರಣದ ಖರ್ಚು ಕೇಳುವ 'ಪ್ರಕಾಶಕ'ರಿಂದಲೂ ದೂರವಿರಿ.

ಸಂಪಾದಕರಿಗೆ ಕೃತಿ ಹಿಡಿಸಿದರೂ ಅಷ್ಟಕ್ಕೇ ಒಪ್ಪಿಗೆ ದೊರೆತಂತಲ್ಲ. ಅವರು ಅದನ್ನು ಮಾರಾಟ ಮತ್ತು ಪ್ರಚಾರ ವಿಭಾಗದವರೂ ಕೂರುವ ಸಭೆಯಲ್ಲಿ, ಲಾಭ ನಷ್ಟದ ಅಂದಾಜು ಪಟ್ಟಿಯೊಂದಿಗೆ ಮಂಡಿಸಬೇಕಾಗುತ್ತದೆ. ಇದೇ ಬಗೆಯ ಹಿಂದಿನ ಪುಸ್ತಕಗಳು ಎಷ್ಟು ಮಾರಾಟವಾದವು ಎಂಬುದು ಅಲ್ಲಿ ಬಹಳ ತೂಗುತ್ತದೆ.

ಇನ್ನು ಹಣದ ವಿಷಯ, ಹೊಸ ಲೇಖಕರು ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿಯುವುದು ಇದನ್ನೇ. ಮುಂಗಡವೆಂದರೆ ಮುಂದೆ ಬರಲಿರುವ ರಾಯಧನದ (ಮಾರಾಟವಾದ ಪ್ರತಿಗಳಿಗೆ ಲೇಖಕರಿಗೆ ಸಲ್ಲುವ ಪಾಲಿನ) ಮೇಲೆ ಮೊದಲೇ ಕೊಡುವ ಹಣ. ಅದು ತೀರುವವರೆಗೆ ರಾಯಧನ ಕೈಗೆ ಬರುವುದಿಲ್ಲ. ರಟ್ಟಿನ ಹೊದಿಕೆಯ ಆವೃತ್ತಿಗೆ ರೂಢಿಯ ದರ ಮೊದಲ 5,000 ಪ್ರತಿಗಳಿಗೆ ಮುಖಬೆಲೆಯ 10 ಪ್ರತಿಶತ, ನಂತರದ 5,000ಕ್ಕೆ 12.5, ಆಮೇಲೆ 15. ಪೇಪರ್‌ಬ್ಯಾಕಿಗೆ ಸಾಮಾನ್ಯವಾಗಿ 7.5 ಪ್ರತಿಶತ, ಇ-ಪುಸ್ತಕಕ್ಕೆ ಪ್ರಕಾಶಕರಿಗೆ ಬರುವ ನಿವ್ವಳ ಹಣದ 25 ಪ್ರತಿಶತ.

ಉದಾಹರಣೆಗೆ 28 ಡಾಲರ್ ಮುಖಬೆಲೆಯ ಪುಸ್ತಕಕ್ಕೆ 40,000 ಡಾಲರ್ ಮುಂಗಡ ದೊರೆಯಿತೆನ್ನೋಣ. ಮೊದಲ 5,000 ಪ್ರತಿಗಳಿಂದ ತಲಾ 2.80ರಂತೆ 14,000 ಡಾಲರ್, ಮುಂದಿನ 5,000 ಪ್ರತಿಗಳಿಂದ ತಲಾ 3.50ರಂತೆ 17,500 ಡಾಲರ್ ಜಮೆಯಾಗುತ್ತದೆ. ಉಳಿದ 8,500 ಡಾಲರ್ ತಲಾ 4.20ರಂತೆ ತೀರಲು ಇನ್ನೂ ಸುಮಾರು 2,024 ಪ್ರತಿಗಳು ಬೇಕು. ಅಂದರೆ ಹನ್ನೆರಡು ಸಾವಿರ ಪ್ರತಿಗಳು ಮಾರಾಟವಾದ ಬಳಿಕವೇ ಹೊಸದಾಗಿ ಹಣ ಬರಲಾರಂಭಿಸುತ್ತದೆ. ಆ ಮುಂಗಡವೂ ಒಂದೇ ಗಂಟಾಗಿ ಬರುವುದಿಲ್ಲ. ಕರಾರಿಗೆ ಸಹಿ, ಹಸ್ತಪ್ರತಿಯ ಅಂಗೀಕಾರ, ಪ್ರಕಟಣೆ, ಪೇಪರ್‌ಬ್ಯಾಕ್ ಬಿಡುಗಡೆ ಎಂದು ನಾಲ್ಕು ಕಂತಾದರೆ, ಏಜೆಂಟರ ಪಾಲು ಕಳೆದು ಪ್ರತಿ ಸಲ ಕೈಗೆ ಸಿಗುವುದು 8,500 ಡಾಲರ್. ಸಹಿಯಿಂದ ಪ್ರಕಟಣೆಗೆ ಒಂದೂವರೆ, ಎರಡು ವರ್ಷ ಹಿಡಿಯುವುದು ಸಾಮಾನ್ಯವಾದ್ದರಿಂದ ಈ ಹಣವನ್ನು ಸಂಬಳದ ಲೆಕ್ಕಕ್ಕೆ ಹಿಡಿಯಬೇಡಿ. ಪುಸ್ತಕ ಮಾರಾಟವಾಗದಿದ್ದರೆ ಮುಂಗಡವನ್ನು ಹಿಂದಿರುಗಿಸಬೇಕಾಗಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಅಂಗಡಿಗಳು ಮಾರಾಟವಾಗದ ಪ್ರತಿಗಳನ್ನು ವಾಪಸು ಕಳುಹಿಸಬಹುದಾದ್ದರಿಂದ, ಆರು ತಿಂಗಳಿಗೊಮ್ಮೆ ಬರುವ ರಾಯಧನದ ಲೆಕ್ಕಪತ್ರದಲ್ಲಿ ಪ್ರಕಾಶಕರು ಒಂದಿಷ್ಟು ಹಣವನ್ನು ತಡೆಹಿಡಿದಿರುತ್ತಾರೆ. ಆ ಸಾಲನ್ನು ನೋಡಿ ಗಾಬರಿಯಾಗಬೇಕಿಲ್ಲ, ಆದರೆ ಅದು ಎಷ್ಟು ಕಾಲದಿಂದ ಹಾಗೆಯೇ ಉಳಿದಿದೆ ಎಂದು ಕೇಳಲು ಹಿಂಜರಿಯಲೂಬಾರದು.

ಕರಾರಿನಲ್ಲಿ ನಾನು ಮೊದಲು ಹುಡುಕುವುದು ದರಗಳನ್ನಲ್ಲ, ಹಕ್ಕು ಮರಳುವ ಷರತ್ತನ್ನು. ಹಿಂದೆ ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತಿತ್ತು. ಇ-ಪುಸ್ತಕವೂ ಬೇಡಿಕೆಯ ಮೇರೆಗೆ ಒಂದೊಂದೇ ಪ್ರತಿ ಅಚ್ಚು ಹಾಕುವ ವ್ಯವಸ್ಥೆಯೂ ಬಂದ ಮೇಲೆ 'ಪ್ರತಿಗಳು ಮುಗಿದಿವೆ' ಎನ್ನುವ ಸ್ಥಿತಿಯೇ ಬರುವುದಿಲ್ಲ. ಹಾಗಾಗಿ ವರ್ಷಕ್ಕೆ ಇಂತಿಷ್ಟು ಪ್ರತಿಗಳಿಗಿಂತ ಕಡಿಮೆ ಮಾರಾಟವಾದರೆ ಹಕ್ಕು ಮರಳತಕ್ಕದ್ದು ಎಂದು ಅಂಕಿಯಲ್ಲಿಯೇ ಬರೆಸಿಕೊಳ್ಳುವಂತೆ ಏಜೆಂಟರಿಗೆ ಹೇಳಿ.