ಸಿಆರ್‌ಪಿಎಸ್ ಕಾಲಿಗೆ ಎರಡನೇ ಆಪರೇಷನ್: ನಾನು ಹೂಂ ಅಂದದ್ದು ಹೇಗೆ

ಹಿಮ್ಮಡಿ ಮೂಳೆಗೆ ಪ್ಲೇಟ್ ಹಾಕಿಸಿಕೊಂಡು, ಆಮೇಲೆ ಸಿಆರ್‌ಪಿಎಸ್ (ಪೆಟ್ಟು ವಾಸಿಯಾದ ಮೇಲೂ ಕೈಯಲ್ಲೋ ಕಾಲಲ್ಲೋ ಉರಿ, ಊತ ಬಿಡದೆ ಕಾಡುವ ನೋವಿನ ಕಾಯಿಲೆ) ಅಂಟಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉರಿ ಅಂದರೇನು, ರಾತ್ರಿ ಹೊದಿಕೆ ತಾಗಿದರೆ ಹೇಗಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಎರಡನೇ ಆಪರೇಷನ್ ಮಾಡಿಸಿಕೊಂಡು ವರ್ಷ ದಾಟಿತು. "ಆ ಕಾಲಿಗೆ ಮತ್ತೆ ಕತ್ತರಿ ಹಾಕಿಸ್ತೀಯಾ? ತಲೆ ಸರಿ ಇದೆಯಾ ಮಾರಾಯ?" ಅಂದಿದ್ದ ನಮ್ಮ ಭಾವ ಮೊನ್ನೆ ನನ್ನ ಜೊತೆ ತೋಟದ ಮೇಲಿನ ಗುಡ್ಡ ಹತ್ತಿ ಏದುಸಿರು ಬಿಟ್ಟರು. ನನಗೇನೂ ಆಗಲಿಲ್ಲ.

ಮಾಡಿನ ಹೆಂಚು ಸರಿ ಮಾಡಲು ಹತ್ತಿ ಬಿದ್ದದ್ದು ಮೂಲ. ಮೊದಲ ಆಪರೇಷನ್‌ಗೆ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಮೂಳೆ ಚೆನ್ನಾಗಿ ಕೂಡಿತು, ಕಾಲು ಮಾತ್ರ ಕೆಂಪಗೆ ಊದಿ ಮಿಂಚತೊಡಗಿತು. ಆಮೇಲಿನ ಎರಡು ವರ್ಷ ದುಡ್ಡು ನೀರಿನಂತೆ ಹರಿಯಿತು. ಎಂಆರ್‌ಐಗೆ ಎಂಟು ಸಾವಿರ ಕೊಟ್ಟರೆ, ಪ್ಲೇಟ್ ಇರುವ ಜಾಗವೆಲ್ಲ ಬರೀ ಕಪ್ಪು ಮಸಿ. ಸೊಂಟದ ಹತ್ತಿರ ಕೊಡುವ ಸಿಂಪಥೆಟಿಕ್ ಬ್ಲಾಕ್ ಅನ್ನುವ ನರದ ಇಂಜೆಕ್ಷನ್‌ಗೆ ಒಂದೊಂದಕ್ಕೆ ಇಪ್ಪತ್ತು ಸಾವಿರದ ಮೇಲೆ. ಮೊದಲನೆಯದರಲ್ಲಿ ಎರಡು ವಾರ ಸುಖ, ಆಮೇಲಿನದರಲ್ಲಿ ಎರಡು ದಿನವೂ ಇಲ್ಲ. ನರನೋವಿನ ಮಾತ್ರೆ ಪ್ರಿಗಾಬಲಿನ್ ತಿಂದು ಊಟದ ಎಲೆ ಮುಂದೆ ತೂಕಡಿಸುತ್ತಿದ್ದೆ. ಎಣ್ಣೆ ಹಾಕಿ ತಿಕ್ಕಿದವರೂ ಇದ್ದರು. ಆ ವಾರ ನೆನೆಯೋದೇ ಬೇಡ.

ಕಾಲಿಗೆ ಸ್ಪರ್ಶ ರೂಢಿಯಾಗಲಿ ಅಂತ ಬಕೆಟ್‌ಗೆ ಕಾಲು ಇಳಿಸುವ ಅಭ್ಯಾಸವನ್ನು ಫಿಸಿಯೋ ಅಕ್ಕಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಸುಮ್ನೆ ಕೂರಲಿಲ್ಲ. ಅಕ್ಕಿ, ಹೆಸರುಕಾಳು, ಒಣ ಕಾಳುಮೆಣಸು ಎಲ್ಲ ನೋಡಿದೆ. ಮೆಣಸಿನಲ್ಲಿ ಸೀನು ಬಂತು ಅಷ್ಟೆ. ರಾಗಿಯೇ ಎಲ್ಲಕ್ಕಿಂತ ಮೇಲು. ಸಣ್ಣ ಕಾಳು, ತಂಪು, ಎಲ್ಲೂ ಚುಚ್ಚುವುದಿಲ್ಲ. ಬೀರುವಿನ ಕನ್ನಡಿ ಬಿಚ್ಚಿ, ನೋವಿನ ಕಾಲನ್ನು ಅದರ ಹಿಂದೆ ಮರೆಮಾಡಿ ಒಳ್ಳೆ ಕಾಲಿನ ಬಿಂಬ ನೋಡುತ್ತಾ ಆಡಿಸುವ ಮಿರರ್ ಥೆರಪಿಯನ್ನೂ ಮಾಡಿದೆ. ಇದರಿಂದ ಕಾಲು ಪಳಗಿತು. ಆದರೆ ಪಾದದ ಮೇಲಿನ ಹೊರಗಂಟಿನ ಹಿಂದೆ ಒಂದು ಚುಕ್ಕೆ ಮಾತ್ರ ಪಳಗಲಿಲ್ಲ. ಅಲ್ಲಿ ಬೆರಳಿನಿಂದ ತಟ್ಟಿದರೆ ಕಿರುಬೆರಳ ತನಕ ಕರೆಂಟ್ ಹೊಡೆಯುತ್ತಿತ್ತು.

ಒಬ್ಬ ಸರ್ಜನ್ ನಾಳೆಯೇ ಪ್ಲೇಟ್ ತೆಗೆಯೋಣ ಅಂದರು. ಇನ್ನೊಬ್ಬರು ಮುಟ್ಟಲೇಬೇಡಿ, ಸಿಆರ್‌ಪಿಎಸ್ ಮತ್ತೆ ಕೆರಳುತ್ತದೆ ಅಂದರು. ಇಬ್ಬರ ಮಾತಲ್ಲೂ ಅರ್ಥವಿತ್ತು. ನನಗೆ ಬೇಕಾಗಿದ್ದದ್ದು ಎರಡೇ ಪ್ರಶ್ನೆಗೆ ಉತ್ತರ: ಕಾಲು ತಣ್ಣಗಾಗಿದೆಯಾ, ಅಂದರೆ ಸಿಆರ್‌ಪಿಎಸ್ ಅಡಗಿದೆಯಾ? ಉಳಿದ ನೋವು ಎಲ್ಲಿಂದ ಬರುತ್ತಿದೆ?

ಮೊದಲನೆಯದಕ್ಕೆ ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಜ್ವರದ ಗನ್ ತೆಗೆದೆ. ಹಣೆಗೆ ಹಿಡಿಯುವ ಮೋಡ್‌ನಲ್ಲಿ ಅದು ತನ್ನದೇ ಲೆಕ್ಕ ಸೇರಿಸಿ ತೋರಿಸುತ್ತದೆ, ಸರ್ಫೇಸ್ ಮೋಡ್‌ಗೆ ಹಾಕಬೇಕು. ಬೆಳಗ್ಗೆ ಎದ್ದು, ಎರಡೂ ಕಾಲನ್ನು ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಒಂದೇ ಜಾಗಕ್ಕೆ ಹಿಡಿದು ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೆ. ಎರಡು ಕಾಲಿನ ನಡುವೆ ಒಂದು ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸವಿದ್ದರೆ ಡಾಕ್ಟರುಗಳೂ ಅದನ್ನು ಲಕ್ಷಣ ಅಂತ ಹಿಡಿಯುತ್ತಾರೆ. ನನ್ನದು ಶುರುವಿನಲ್ಲಿ ಎರಡರ ಮೇಲಿತ್ತು. ಅದು ಅರ್ಧ ಡಿಗ್ರಿಗೆ ಇಳಿದು ಐದಾರು ತಿಂಗಳು ಅಲ್ಲೇ ನಿಂತಿತು. ಊತವಿಲ್ಲ, ಬಣ್ಣವೂ ಬದಲಾಗುತ್ತಿಲ್ಲ. ಕಾಲು ತಣ್ಣಗಾಗಿದೆ ಅಂತ ಬರೆದಿಟ್ಟೆ.

ಎರಡನೆಯದಕ್ಕೆ ಮರಗಟ್ಟಿಸುವ ಇಂಜೆಕ್ಷನ್. ಹೊರಗಂಟಿನ ಹಿಂದಿನಿಂದ ಕಿರುಬೆರಳ ಕಡೆ ಹೋಗುವ ಸೂರಲ್ ನರದ ಹತ್ತಿರ, ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ಕೊಟ್ಟರು, ಎರಡೂವರೆ ಸಾವಿರವೋ ಏನೋ. ಹತ್ತಕ್ಕೆ ಎಂಟಿದ್ದ ನೋವು ಹತ್ತು ನಿಮಿಷದಲ್ಲಿ ಒಂದಕ್ಕೆ ಬಂತು. ಕಾರಿಡಾರಿನಲ್ಲಿ ಕೋಲಿಲ್ಲದೆ ನಡೆದೆ. ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಮುಂದಿನ ಸಲ ಒಮ್ಮೆ ಮದ್ದಿಲ್ಲದ ಬರೀ ಸಲೈನ್ ಹಾಕಿ ಸಾರ್, ಯಾವಾಗ ಅಂತ ನನಗೆ ಹೇಳಬೇಡಿ" ಅಂದೆ. ಡಾಕ್ಟರು ನಕ್ಕರು, ಒಪ್ಪಿದರು. ಸಲೈನ್ ದಿನ ನೋವು ಜಗ್ಗಲಿಲ್ಲ. ಮನಸ್ಸಿನ ಆಟ ಅಂದವರಿಗೆ ತೋರಿಸಲು ಆ ಚೀಟಿ ಇನ್ನೂ ಇಟ್ಟಿದ್ದೇನೆ. ಮದ್ದಿಗೂ ನೋವು ಇಳಿಯದೇ ಇದ್ದಿದ್ದರೆ ಆಪರೇಷನ್ ಖಂಡಿತ ಮಾಡಿಸುತ್ತಿರಲಿಲ್ಲ.

ಆಪರೇಷನ್‌ಗೆ ಮೊದಲೇ ಷರತ್ತು ಮಾತಾಡಿಕೊಂಡೆ. ಕತ್ತರಿ ಹಾಕುವ ಮುಂಚೆ ಮಂಡಿ ಹಿಂದೆ ಮದ್ದು ಬಿಡುವ ಸಣ್ಣ ನಳಿಕೆ (ಕ್ಯಾಥೆಟರ್) ಕೂರಿಸಿ ನರ ಮಲಗಿಸಬೇಕು, ಎರಡು ಮೂರು ದಿನ ಅದು ಇರಬೇಕು. ರಕ್ತ ತಡೆಯಲು ಕಾಲಿಗೆ ಬಿಗಿಯುವ ಪಟ್ಟಿ (ಟೂರ್ನಿಕೆ) ಆದಷ್ಟು ಕಡಿಮೆ ಹೊತ್ತು. ವಿಟಮಿನ್ ಸಿ ದಿನಕ್ಕೆ 500 ಮಿಲಿಗ್ರಾಂ, 50 ದಿನ. ನೆದರ್‌ಲ್ಯಾಂಡ್ಸ್‌ನಲ್ಲಿ ಮಣಿಕಟ್ಟು ಮುರಿದವರಿಗೆ ಕೊಟ್ಟು ನೋಡಿದ ಲೆಕ್ಕವದು. ಎಲ್ಲ ಡಾಕ್ಟರೂ ನಂಬುವುದಿಲ್ಲ, ಆದರೆ ಮಾತ್ರೆಗೆ ಎಷ್ಟು ಮಹಾ ದುಡ್ಡು! ಪ್ಲೇಟ್ ತೆಗೆದರು, ಗಂಟಾಗಿದ್ದ ನರ ಕತ್ತರಿಸಿ ಅದರ ತುದಿಯನ್ನು ಸ್ನಾಯುವಿನೊಳಗೆ ಹುದುಗಿಸಿದರು. ತೊಂಬತ್ತು ಸಾವಿರದ ಆಸುಪಾಸು ಆಯಿತು.

ಮೊದಲ ಮೂರು ವಾರ ರಾತ್ರಿ ಕಾಲು ಇಟ್ಟುಕೊಳ್ಳಲು ಮನೆಯಲ್ಲೇ ಒಂದು ಉಪಾಯ ಮಾಡಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರವರ ಕಾಲು ನೋಡಿ ಮಾಡಬೇಕಾದ ಕೆಲಸ, ಎದುರು ಸಿಕ್ಕಿದರೆ ತೋರಿಸುತ್ತೇನೆ.

ಈಗ ನೋವು ಒಂದೋ ಎರಡೋ, ಚಳಿಗಾಲದಲ್ಲಿ ಮೂರು. ಪಾದದ ಹೊರ ಅಂಚು ಪೂರ್ತಿ ಜೋಮು. ಅದು ಗೊತ್ತಿದ್ದೇ ಒಪ್ಪಿದ್ದು. ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿಯ ಪಟ್ಟಿ ಉಜ್ಜಿ ಗಾಯವಾದರೂ ಗೊತ್ತಾಗಲ್ಲ, ಹಾಗಾಗಿ ದಿನಾ ಸಂಜೆ ತಿರುಗಿಸಿ ನೋಡುತ್ತೇನೆ. ವಿಮೆಯವರು ಬಿಲ್ಲಿನಲ್ಲಿ ಅರ್ಧ ಕೊಟ್ಟರು. ನರದ ಕೆಲಸ ಹಳೇ ಕಾಯಿಲೆಯಂತೆ. ಆ ಜಗಳ ಇನ್ನೂ ನಡೆಯುತ್ತಿದೆ.