ಇಂಟರ್ನ್‌ಶಿಪ್ ಶುರುವಾಗುವ ಮುಂಚಿನ ಆರು ವಾರ

ಎಂಬಿಎ ಮೊದಲ ವರ್ಷ ಮುಗಿಸಿ ಒಂದು ಸಾಫ್ಟ್‌ವೇರ್ ಕಂಪನಿಯ ಪ್ರಾಡಕ್ಟ್ ತಂಡಕ್ಕೆ ಬೇಸಿಗೆ ಇಂಟರ್ನ್ ಆಗಿ ಹೋದೆ. ಇದ್ದದ್ದೇ 10 ವಾರ. ನಾನು ಎಂಜಿನಿಯರಿಂಗ್ ಓದಿದವಳಲ್ಲ, ಮುಂಚೆ ಸೇಲ್ಸ್‌ನಲ್ಲಿದ್ದೆ. ಅಲ್ಲಿನವರ ಮಾತು ಅರ್ಥವಾಗೋದಕ್ಕೇ ಎರಡು ವಾರ ಹಿಡಿದರೆ ಐದರಲ್ಲಿ ಒಂದು ಪಾಲು ಸಮಯ ಹೋಯಿತು, ಅಲ್ವಾ? ಆ ಭಯಕ್ಕೇ ಆರು ವಾರ ಮುಂಚೆ ತಯಾರಿಗೆ ಕೂತೆ.

ಮೊದಲು ಪೈಥಾನ್ ಕೋರ್ಸ್‌ಗೆ ಸೇರಿ, ಒಂದೇ ವಾರಕ್ಕೆ ಬಿಟ್ಟೆ. ನನ್ನ ಕೆಲಸದಲ್ಲಿ ಕೋಡ್ ಬರೆಯುವುದು ಇರಲಿಲ್ಲ. ಬೇಕಾಗಿದ್ದು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ. ಡೇಟಾ ತಂಡದವರನ್ನು ಕಾಯದೆ ನಾನೇ ಅಂಕಿ ತೆಗೆದು ನೋಡುವಷ್ಟು ಬಂದರೆ ಸಾಕಿತ್ತು. ಬೇಕಾದ ಮಾಹಿತಿ ಆರಿಸುವ ಸೆಲೆಕ್ಟ್, ಗುಂಪು ಮಾಡಿ ಲೆಕ್ಕ ಹಾಕುವ ಗ್ರೂಪ್ ಬೈ ಬೇಗ ಕೈಗೆ ಹತ್ತಿದವು. ಎರಡು ಟೇಬಲ್ ಜೋಡಿಸುವ ಜಾಯಿನ್ ಮಾತ್ರ ಸತಾಯಿಸಿತು.

ಅಭ್ಯಾಸಕ್ಕೆ ಆರ್ಡರ್‌ಗಳದ್ದೊಂದು, ಪೇಮೆಂಟ್‌ಗಳದ್ದೊಂದು ಟೇಬಲ್ ಜೋಡಿಸಿ ಒಟ್ಟು ಮಾರಾಟ ಕೂಡಿಸಿದೆ. ಉತ್ತರ ಬಂತು, ಖುಷಿಯಾಯಿತು. ಆಮೇಲೆ ಸುಮ್ನೆ ಹತ್ತು ಸಾಲು ಕೈಯಲ್ಲಿ ಕೂಡಿಸಿ ನೋಡಿದರೆ ತಾಳೆಯೇ ಆಗಲಿಲ್ಲ. ಕೆಲವು ಆರ್ಡರ್‌ಗಳ ಹಣ ಎರಡು ಕಂತಿನಲ್ಲಿ ಬಂದಿತ್ತು. ಜಾಯಿನ್ ಮಾಡಿದಾಗ ಅಂಥ ಆರ್ಡರ್ ಎರಡು ಸಾಲಾಗಿ, ಅದರ ಮೊತ್ತ ಎರಡು ಸಲ ಲೆಕ್ಕಕ್ಕೆ ಬಂದಿತ್ತು. ಎರರ್ ಏನೂ ತೋರಿಸುವುದಿಲ್ಲ, ಅಂಕಿ ಮಾತ್ರ ತಪ್ಪು. ಅವತ್ತಿನಿಂದ ಜಾಯಿನ್‌ಗೆ ಮುಂಚೆ ಎಷ್ಟು ಸಾಲು, ಆಮೇಲೆ ಎಷ್ಟು ಎಂದು ಎಣಿಸದೆ ಮುಂದೆ ಹೋಗುವುದಿಲ್ಲ.

ಚರ್ನ್ (ಗ್ರಾಹಕರು ಬಿಟ್ಟು ಹೋಗುವುದು), ರಿಟೆನ್ಷನ್ (ಉಳಿದುಕೊಳ್ಳುವುದು) ಇವುಗಳ ಅರ್ಥ ಬಾಯಿಪಾಠ ಮಾಡುವುದಕ್ಕಿಂತ ಲೆಕ್ಕ ಹಾಕಿ ನೋಡಿದ್ದು ಒಳ್ಳೆಯದಾಯಿತು. ಪ್ರತಿ ತಿಂಗಳು ಶೇಕಡಾ 5 ಗ್ರಾಹಕರು ಬಿಟ್ಟು ಹೋದರೆ ಕಮ್ಮಿ ಅನ್ನಿಸುತ್ತದೆ. ಆದರೆ ವರ್ಷದ ಕೊನೆಗೆ 100 ಜನರಲ್ಲಿ ಉಳಿಯುವವರು ಸುಮಾರು 54 ಮಂದಿ ಮಾತ್ರ!

ಅದೇ ಕ್ಷೇತ್ರದ ಒಂದೆರಡು ಅಮೆರಿಕನ್ ಕಂಪನಿಗಳ 10-ಕೆ ವಾರ್ಷಿಕ ವರದಿಯನ್ನೂ ಓದಿದೆ. ಪೂರ್ತಿ ಓದಬೇಕಿಲ್ಲ. ಕಂಪನಿಗೆ ಯಾವುದರಿಂದ ಅಪಾಯ ಎಂದು ಅವರೇ ಬರೆದುಕೊಂಡಿರುವ ಭಾಗ ಒಂದಿರುತ್ತದೆ, ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ನಾನು ಸೇರಲಿದ್ದ ಕಂಪನಿಯ ಆ್ಯಪ್‌ನಂಥದ್ದೇ ಆ್ಯಪ್ ಬಳಸುವ ಐದು ಜನರ ಜೊತೆ ಮಾತಾಡಿದೆ. "ಇಂಥ ಫೀಚರ್ ಇದ್ರೆ ಬಳಸ್ತೀರಾ?" ಅಂದರೆ ಮೊದಲ ಇಬ್ಬರೂ ಹೂಂ ಅಂದರು. ಅದರಿಂದ ಏನೂ ತಿಳಿಯಲಿಲ್ಲ. "ಹೋದ ಸಲ ಈ ಕೆಲಸ ಹೇಗೆ ಮಾಡಿದ್ರಿ?" ಎಂದು ಕೇಳಿದ ಮೇಲೆ ನಿಜವಾದ ತೊಂದರೆಗಳು ಹೊರಬಂದವು.

ಸೇರುವ ಮುಂಚೆಯೇ ಮ್ಯಾನೇಜರ್‌ಗೆ ಮೇಲ್ ಮಾಡಿ, ನನ್ನ ಕೆಲಸ ನೋಡಿ ಯಾರು ಯಾವ ನಿರ್ಧಾರ ತಗೊಳ್ತಾರೆ, ಯಾವ ಡೇಟಾಗೆ ಅನುಮತಿ ಬೇಕು ಎಂದು ಕೇಳಿದ್ದೆ. ಅನುಮತಿ ಸಿಗಲು ದಿನಗಳು ಹಿಡಿಯುತ್ತವೆ, ಹಾಗಾಗಿ ಅವರು ಅರ್ಜಿಯನ್ನು ಮೊದಲೇ ಹಾಕಿಟ್ಟಿದ್ದರು.

ಮೊದಲ ವಾರದ ಮೀಟಿಂಗ್‌ನಲ್ಲಿ ಸಕ್ರಿಯ ಬಳಕೆದಾರರು ಹೆಚ್ಚಿದ್ದಾರೆ ಎಂಬ ಚಾರ್ಟ್ ಬಂತು. ಸ್ವಲ್ಪ ಅಳುಕುತ್ತಲೇ ಕೇಳಿದೆ: "ಸಕ್ರಿಯ ಅಂದ್ರೆ ಆ್ಯಪ್ ತೆರೆದವರಾ, ಒಳಗೆ ಏನಾದ್ರೂ ಮಾಡಿದವರಾ?" ಎರಡು ತಂಡದವರು ಎರಡು ಉತ್ತರ ಕೊಟ್ಟರು. ನನ್ನ ಪ್ರಾಜೆಕ್ಟ್ ಅಲ್ಲಿಂದಲೇ ಶುರುವಾಯಿತು.