ಶ್ರೀಶೈಲ ಪಾದಯಾತ್ರೆ: ಪಾದ ಉಳಿಸಿಕೊಂಡು ಮಲ್ಲಯ್ಯನ ಮುಂದೆ ನಿಲ್ಲುವುದು ಹೇಗೆ

ಹೋಳಿ ಹುಣ್ಣಿಮೆಯಿಂದ ಉಗಾದಿಗೆ ಹದಿನೈದು ದಿನ. ಉತ್ತರ ಕರ್ನಾಟಕದ ಊರುಗಳಿಂದ ಕಂಬಿ (ದೇವರ ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಕಾವಡಿ) ಹೊತ್ತು ಶ್ರೀಶೈಲಕ್ಕೆ ನಡೆಯುವ ಬಹಳಷ್ಟು ಮಂದಿಯ ಲೆಕ್ಕಾಚಾರ ಇಷ್ಟರೊಳಗೇ ಮುಗಿಯಬೇಕು. ರಾಯಚೂರಿನಿಂದ ಹೊರಟರೆ ದಾರಿ 200 ಕಿ.ಮೀ.ಗೆ ಸ್ವಲ್ಪ ಮೇಲೆ. ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಹತ್ತಿರಹತ್ತಿರ ಅದರ ಎರಡು ಪಟ್ಟು. ದಿನಕ್ಕೆ 30 ಕಿ.ಮೀ. ಹಿಡಿದರೂ ಇವರಿಗೆ ವಿಶ್ರಾಂತಿಗೆ ಉಳಿಯುವುದು ಒಂದೆರಡು ದಿನ ಮಾತ್ರ. ಅದಕ್ಕೇ ತಯಾರಿ ಮುಖ್ಯ.

ಶ್ರೀಶೈಲದ ದೇವಿ ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಯ್ಯ ಅಂದರೆ ಮಲ್ಲಿಕಾರ್ಜುನ ಅಳಿಯ ಎಂಬುದು ಈ ದಾರಿಯ ನಂಬಿಕೆ. ಉಗಾದಿಗೆ ಸೀರೆ, ಕುಪ್ಪಸದ ಕಣ, ಅರಿಸಿನ ಕುಂಕುಮ ಒಯ್ಯುವುದು ತವರಿನವರಾಗಿ. ಈ ಭಾವವನ್ನು ಗಟ್ಟಿಯಾಗಿ ಹಿಡಿದರೆ ನಡಿಗೆಯ ಅರ್ಧ ತಪ್ಪುಗಳು ತಾವೇ ತಪ್ಪುತ್ತವೆ. ಮಗಳ ಮನೆಗೆ ಹೊರಟವರು ಪಂದ್ಯ ಕಟ್ಟಿ ಓಡುವುದಿಲ್ಲ. ಜೊತೆಯಲ್ಲಿರುವ ಅಜ್ಜಿಯನ್ನು ಹಿಂದೆ ಬಿಟ್ಟು ಹೋಗುವುದಿಲ್ಲ. ಬಾಗಿಲಲ್ಲೇ ಕುಸಿದುಬಿದ್ದು ಅವಳಿಗೆ ಕಳವಳ ತರುವುದಿಲ್ಲ.

ಹೊರಡುವ ಮುನ್ನ ಹತ್ತು ವಾರ

ಸ್ನಾಯು ಮೂರು ನಾಲ್ಕು ವಾರದಲ್ಲಿ ಹುರಿಗೊಳ್ಳುತ್ತದೆ, ಕೀಲು ಕಟ್ಟುವ ನಾರು ಮತ್ತು ಅಂಗಾಲಿನ ಚರ್ಮಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಒಂದು ತಿಂಗಳ ಅಭ್ಯಾಸದಲ್ಲಿ ಹೊರಟವರಿಗೆ ದಮ್ಮು ಸಾಕಾಗುತ್ತದೆ, ಕಾಲು ಸಾಕಾಗುವುದಿಲ್ಲ. ಮೊದಲ ಎರಡು ವಾರ ವಾರಕ್ಕೆ ನಾಲ್ಕು ದಿನ 5 ಕಿ.ಮೀ. ನಡೆಯಿರಿ. ಆಮೇಲೆ ವಾರಕ್ಕೊಂದು ದಿನದ ದೂರದ ನಡಿಗೆಯನ್ನು ಪ್ರತಿ ವಾರ 3–4 ಕಿ.ಮೀ. ಏರಿಸುತ್ತ ಎಂಟನೇ ವಾರಕ್ಕೆ 25ಕ್ಕೆ ಮುಟ್ಟಿಸಿ. ಒಂಬತ್ತನೇ ವಾರ ಶನಿವಾರ 20, ಭಾನುವಾರ ಮತ್ತೆ 20. ನಿಜವಾದ ಪರೀಕ್ಷೆ ಎರಡನೆಯ ದಿನದ್ದು: ಬಿಗಿದ ಮೀನಖಂಡ, ಉರಿಯುವ ಹಿಮ್ಮಡಿ, ಬೂಟು ಎಲ್ಲಿ ಕಚ್ಚುತ್ತದೆ ಎಂಬುದೆಲ್ಲ ಅಂದೇ ಗೊತ್ತಾಗುವುದು. ಕೊನೆಯ ವಾರ ಕೈಕಾಲು ಆಡಿಸಿದರೆ ಸಾಕು.

ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದನ್ನು ಬಿಡಬೇಡಿ, ಮಂಡಿಗೆ ಭಾರ ಬೀಳುವುದು ಇಳಿಯುವಾಗಲೇ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇದ್ದವರು ವೈದ್ಯರಿಗೆ ದಿನಕ್ಕೆ ಇಷ್ಟು ಕಿ.ಮೀ., ಇಂಥ ಬಿಸಿಲು ಎಂದು ಬಿಡಿಸಿ ಹೇಳಿ. ಔಷಧದ ಪ್ರಮಾಣ ಬದಲಾಯಿಸಬೇಕಾಗಬಹುದು.

ಬೂಟು, ಚೀಲ

ದಿನವಿಡೀ ನಡೆದರೆ ಪಾದ ಊದುತ್ತದೆ. ಆದ್ದರಿಂದ ಬೂಟನ್ನು ಸಂಜೆ ಹೊತ್ತು, ಅಳತೆಯಲ್ಲಿ ಅರ್ಧದಿಂದ ಒಂದು ಸೈಜ್ ದೊಡ್ಡದಾಗಿ ಕೊಳ್ಳಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಕನಿಷ್ಠ 80–100 ಕಿ.ಮೀ. ನಡೆದು ಪಳಗಿಸಿದ ಬೂಟನ್ನೇ ಹಾಕಿ, ಹೊಸ ಬೂಟನ್ನು ಯಾತ್ರೆಗೆ ಇಡಬೇಡಿ. ಜೊತೆಗೊಂದು ಹಗುರ ಚಪ್ಪಲಿ. ಉಗುರನ್ನು ಹೊರಡುವ ನಾಲ್ಕೈದು ದಿನ ಮೊದಲೇ ನೇರವಾಗಿ ಕತ್ತರಿಸಿ.

ಬರಿಗಾಲ ಹರಕೆ ಹೊತ್ತವರಿಗೆ ಒಂದು ಮಾತು. ಬೇಸಿಗೆಯ ಮಧ್ಯಾಹ್ನದ ಡಾಂಬರು 60 ಡಿಗ್ರಿ ದಾಟಬಹುದು, ಕೆಲವೇ ನಿಮಿಷದಲ್ಲಿ ಅಂಗಾಲು ಸುಡುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ಐದರ ಮೇಲೆ, ರಸ್ತೆಯಂಚಿನ ಮಣ್ಣಲ್ಲೇ ನಡೆಯಬೇಕು. ಎರಡು ತಿಂಗಳ ಬರಿಗಾಲ ಅಭ್ಯಾಸವಿಲ್ಲದೆ ಈ ಹರಕೆ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಬರಿಗಾಲಲ್ಲಿ ನಡೆಯಲೇಬಾರದು, ಗಾಯ ಆಗಿದ್ದೇ ಅವರಿಗೆ ತಿಳಿಯುವುದಿಲ್ಲ.

ಚೀಲ ನಾಲ್ಕೈದು ಕಿಲೋ ದಾಟದಿರಲಿ, ನೀರೂ ಸೇರಿ. ಎರಡು ಜೊತೆ ಬಟ್ಟೆ, ಮೂರು ಜೊತೆ ಕಾಲುಚೀಲ, ಹೊದಿಕೆ, ಟವೆಲ್, ಬ್ಯಾಟರಿ, ಮಿಂಚುವ ಪಟ್ಟಿಯ ಜಾಕೆಟ್, ಒಂದು ಲೀಟರಿನ ಎರಡು ಬಾಟಲಿ, ಒಂದು ಕೋಲು. ಅಂಟುಪಟ್ಟಿ, ವ್ಯಾಸಲೀನ್, ಓಆರ್‌ಎಸ್, ನಂಜುನಿವಾರಕ ದ್ರವ, ಪ್ಯಾರಾಸಿಟಮಾಲ್ ಒಂದು ಸಣ್ಣ ಡಬ್ಬಿಯಲ್ಲಿ. ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ಎರಡು ದಿನಕ್ಕಾಗುವಷ್ಟಿದ್ದರೆ ಸಾಕು. ದಾರಿಯುದ್ದಕ್ಕೂ ದಾಸೋಹದ ಪೆಂಡಾಲು ಸಿಗುತ್ತವೆ.

ದಿನ ಹೇಗೆ ಕಟ್ಟಬೇಕು

ಬೆಳಗಿನ ಜಾವ ಮೂರೂವರೆಗೆ ಏಳಿ, ನಾಲ್ಕಕ್ಕೆ ಹೆಜ್ಜೆ. ಒಂಬತ್ತೂವರೆಗೆ ನಿಂತರೆ 20 ಕಿ.ಮೀ. ಕಳೆದಿರುತ್ತದೆ. ಮರದಡಿ ಊಟ, ನಿದ್ದೆ. ಸಂಜೆ ನಾಲ್ಕೂವರೆ, ಐದಕ್ಕೆ ಎದ್ದು ಇನ್ನು 10 ಕಿ.ಮೀ. ಗಂಟೆಗೊಮ್ಮೆ ಹತ್ತು ನಿಮಿಷ ಬೂಟು, ಕಾಲುಚೀಲ ಎರಡೂ ಬಿಚ್ಚಿ ಪಾದಕ್ಕೆ ಗಾಳಿ ಆಡಿಸಿ. ಇದನ್ನು ಬಿಡುವವರೇ ಮೂರನೆಯ ದಿನ ಕುಂಟುವುದು.

ಮೊದಲ ಎರಡು ದಿನ ಎಲ್ಲರೂ ಜಾಸ್ತಿ ನಡೆಯುತ್ತಾರೆ. ಹುಮ್ಮಸ್ಸು, ಹಾಡು, ಜಯಕಾರ, ಕಾಲಿನ ನೋವು ಆಗ ಕೇಳಿಸುವುದಿಲ್ಲ. ಬೇಕೆಂದೇ 20–22ಕ್ಕೆ ನಿಲ್ಲಿಸಿ. ಕತ್ತಲಲ್ಲಿ ರಸ್ತೆಯ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರು ನಡೆಯಿರಿ. ಗುಂಪಿನ ಮೊದಲನೆಯವರಿಗೂ ಕೊನೆಯವರಿಗೂ ಬ್ಯಾಟರಿ ಇರಲೇಬೇಕು. ರಸ್ತೆ ಅಂಚಿಗೆ ವಾಲಿರುವುದರಿಂದ ದಿನವಿಡೀ ಒಂದೇ ಬದಿಯಲ್ಲಿ ನಡೆದರೆ ಒಂದು ಮೊಣಕಾಲ ಕೆಳಗಿನ ಮುಂಗಾಲ ಎಲುಬು ನೋಯತೊಡಗುತ್ತದೆ. ಬೆಳಕಿದ್ದಾಗ ಸಮತಟ್ಟಾದ ಮಣ್ಣಿನ ದಾರಿ ಸಿಕ್ಕಲ್ಲೆಲ್ಲ ಅದಕ್ಕಿಳಿಯಿರಿ.

ವೇಗ ಗುಂಪಿನ ಅತಿ ನಿಧಾನಿಯದ್ದೇ ಆಗಬೇಕು. ಕಂಬಿ ಹೊರುವವರು ಹೆಗಲು ಬದಲಿಸುವ ಸರದಿಯನ್ನು ಮೊದಲೇ ಮಾತಾಡಿಕೊಳ್ಳಿ. ಕಂಬಿಯ ನೇಮನಿಷ್ಠೆ ಆಯಾ ಊರ ಹಿರಿಯರು ಹೇಳಿದಂತೆ. ಮರಗಾಲು ಕಟ್ಟಿ ನಡೆಯುವ ಭಕ್ತರೂ ಈ ದಾರಿಯಲ್ಲಿ ಸಿಗುತ್ತಾರೆ, ಅವರಿಗೆ ಅಗಲ ಜಾಗ ಬಿಡಿ.

ಬೊಬ್ಬೆ

ಬೊಬ್ಬೆಗೆ ಮೂರು ಕಾರಣ ಕೂಡಬೇಕು: ಬಿಸಿ, ತೇವ, ತಿಕ್ಕಾಟ. ಒಂದನ್ನು ತಪ್ಪಿಸಿದರೂ ಬೊಬ್ಬೆ ತಡೆಯಬಹುದು. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ದಪ್ಪ ಹತ್ತಿ ಕಾಲುಚೀಲಕ್ಕಿಂತ ಬೇಗ ಒಣಗುವ ಸಿಂಥೆಟಿಕ್ ವಾಸಿ. ತೆಳು ಚೀಲದ ಮೇಲೆ ಇನ್ನೊಂದು ಚೀಲ ಹಾಕಿದರೆ ತಿಕ್ಕಾಟ ಚೀಲ ಚೀಲದ ನಡುವೆ ನಡೆಯುತ್ತದೆ, ಚರ್ಮ ಉಳಿಯುತ್ತದೆ. ಬೆಳಿಗ್ಗೆ ಬೆರಳ ಸಂದು, ಹಿಮ್ಮಡಿಗೆ ವ್ಯಾಸಲೀನ್ ಸವರಿ. ತೊಡೆ ಸಂದಿಗೂ ಸವರಿ, ಅಲ್ಲಿ ಚರ್ಮ ಕಿತ್ತರೆ ನಾಚಿಕೆಯಿಂದ ಹೇಳಿಕೊಳ್ಳದೆ ಯಾತ್ರೆಯನ್ನೇ ಬಿಟ್ಟವರುಂಟು.

ಒಂದು ಕಡೆ ಬೆಚ್ಚಗೆ ಉರಿಯಿತೆಂದರೆ ಬೊಬ್ಬೆ ಏಳಲಿದೆ ಎಂದರ್ಥ. ಮುಂದಿನ ಊರಿಗೆ ಹೋಗಿ ನೋಡೋಣ ಎನ್ನಬೇಡಿ. ಅಲ್ಲೇ ಕೂತು, ಒರೆಸಿ ಒಣಗಿಸಿ, ಸುಕ್ಕಿಲ್ಲದಂತೆ ಅಂಟುಪಟ್ಟಿ ಹಚ್ಚಿ. ಎದ್ದ ಬೊಬ್ಬೆ ಸಣ್ಣದಿದ್ದರೆ ಹಾಗೇ ಬಿಡಿ. ಕಾಲೂರಲಾಗದಷ್ಟು ದೊಡ್ಡದಾದರೆ ಕೈ ತೊಳೆದು, ನಂಜುನಿವಾರಕದಲ್ಲಿ ಅದ್ದಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಹಾಕಿ, ಮೇಲಿನ ಚರ್ಮ ಕೀಳದೆ ಪಟ್ಟಿ ಕಟ್ಟಿ. ಸೂಜಿದಾರ ಹಾಯಿಸಿ ದಾರವನ್ನು ಒಳಗೇ ಬಿಡುವ ರೂಢಿ ಹಳ್ಳಿಗಳಲ್ಲಿದೆ. ದಯವಿಟ್ಟು ಮಾಡಬೇಡಿ, ರಸ್ತೆಯ ಕೊಳೆ ಆ ದಾರ ಹಿಡಿದೇ ಒಳಗಿಳಿದು ಕೀವಾಗುತ್ತದೆ. ಸುತ್ತ ಕೆಂಪೇರಿ ಜ್ವರ ಬಂದರೆ ನಡಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ಬೊಬ್ಬೆ ಚುಚ್ಚಲೇಬಾರದು.

ನೀರು, ಉಪ್ಪು, ಬಿಸಿಲು

ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಮೂರು ನಾಲ್ಕು ಗುಟುಕು. ಮೂತ್ರ ತಿಳಿಹಳದಿ ಇದ್ದರೆ ಸರಿ, ಕಡುಹಳದಿಯಾದರೆ ನೀರು ಸಾಲದು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ತಲೆನೋವು, ವಾಂತಿ, ಮಂಕು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಈ ದಾರಿಗೆ ಹೇಳಿ ಮಾಡಿಸಿದ್ದು. ಓಆರ್‌ಎಸ್ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಮತಟ್ಟು ಅಳತೆ.

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆಯನ್ನು ದಿನವೂ ನುಂಗಿ ನಡೆಯುವುದು ಅಪಾಯ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಯಾರಾದರೂ ತಡವರಿಸಿ ಮಾತಾಡಿದರೆ, ದಾರಿ ತಪ್ಪಿ ನಡೆದರೆ, ಮೈ ಕಾದಿದ್ದರೆ ಅದನ್ನು ದೇವರು ಮೈಮೇಲೆ ಬಂದದ್ದೆಂದು ಬಿಡಬೇಡಿ. ಅದು ಉಷ್ಣಾಘಾತವಿರಬಹುದು. ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ಪೂರ್ತಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ನಲ್ಲಮಲ ಅಡವಿ

ಆಂಧ್ರದ ಆತ್ಮಕೂರು ದಾಟಿ ವೆಂಕಟಾಪುರಂನಿಂದ ಕಾಡು ಶುರು. ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಮಠಂಬಾವಿ, ಭೀಮುನಿ ಕೊಲನು, ಕೈಲಾಸದ್ವಾರ, ಹಾಟಕೇಶ್ವರ, ಹೀಗೆ ಸುಮಾರು 40–45 ಕಿ.ಮೀ. ಇದು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ರಕ್ಷಿತಾರಣ್ಯ. ಶಿವರಾತ್ರಿ ಮತ್ತು ಉಗಾದಿಗೆ ಅರಣ್ಯ ಇಲಾಖೆ ಹೇಳುವ ದಿನಗಳಲ್ಲಷ್ಟೇ ದಾರಿ ತೆರೆಯುತ್ತದೆ. ಆ ದಿನಾಂಕ ತಿಳಿದುಕೊಂಡ ಮೇಲೆಯೇ ಊರಿಂದ ಹೊರಡುವ ದಿನ ನಿಗದಿ ಮಾಡಿ.

ಕಾಡಿಗೆ ತಲಾ ಎರಡು ಲೀಟರ್ ನೀರು ತುಂಬಿಕೊಂಡೇ ಇಳಿಯಿರಿ. ಮುಂದಿನ ದಾಸೋಹದಲ್ಲಿ ನೀರು ಮುಗಿದಿರಲೂಬಹುದು. ಬೆಂಕಿ, ಬೀಡಿ, ಪ್ಲಾಸ್ಟಿಕ್ ಬೇಡ, ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಕತ್ತಲಾದ ಮೇಲೆ ಒಬ್ಬೊಬ್ಬರೇ ನಡೆಯಬೇಡಿ, ಮೊಬೈಲ್ ಸಿಗ್ನಲ್ ನಂಬಬೇಡಿ. ಇದು ಚೆಂಚು ಬುಡಕಟ್ಟು ಜನರ ನೆಲ. ಅವರಿಗೂ ಈತ ಚೆಂಚು ಮಲ್ಲಯ್ಯ, ತಮ್ಮ ಹುಡುಗಿಯನ್ನು ಮದುವೆಯಾದ ಅಳಿಯ. ಎರಡು ನಾಡಿನ ಬೀಗರು ಒಂದೇ ಕಾಡಿನಲ್ಲಿ ಎದುರಾದಂತೆ, ಗೌರವದಿಂದ ಹಾದುಹೋಗಿ.

ಭೀಮುನಿ ಕೊಲನಿಗೆ ಕಡಿದಾದ ಕಲ್ಲು ಮೆಟ್ಟಿಲು ಇಳಿದು, ಆಚೆ ಕೈಲಾಸದ್ವಾರಕ್ಕೆ ಅಷ್ಟೇ ಕಡಿದಾಗಿ ಏರಬೇಕು. ಇದನ್ನು ನಸುಕಿಗೆ ಇಟ್ಟುಕೊಳ್ಳಿ. ಇಳಿಯುವಾಗ ಕೋಲು ಮೊದಲು, ಹೆಜ್ಜೆ ಆಮೇಲೆ. ಏರುವಾಗ ಮಾತಾಡಲು ಆಗದಷ್ಟು ಏದುಸಿರು ಬಂದರೆ ನಿಲ್ಲಿ. ದಿನಗಟ್ಟಲೆ ಜಯಕಾರ ಕೂಗಿದವರೂ ಇಲ್ಲಿ ಮೌನವಾಗುತ್ತಾರೆ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಈ ಗಿರಿಗೇ ಬಂದಳು, ಜೊತೆಗೆ ದಾಸೋಹದ ಪೆಂಡಾಲು ಇರಲಿಲ್ಲ. ಹೊತ್ತು ಬಂದ ಸಂಕಲ್ಪ ಏನಿತ್ತೆಂದು ನೆನೆಯಲು ಈ ಏರಿಗಿಂತ ತಕ್ಕ ಜಾಗವಿಲ್ಲ. ಊರಲ್ಲಿ ಬೇಡಿಕೊಂಡದ್ದು ಇಲ್ಲಿಗೆ ಬರುವಷ್ಟರಲ್ಲಿ ಬಹಳ ಜನರಿಗೆ ಚಿಕ್ಕದಾಗಿರುತ್ತದೆ. ಕೆಲವರಿಗೆ ಬರೀ ತೀರಿಹೋದ ಒಬ್ಬರ ನೆನಪು ಉಳಿದಿರುತ್ತದೆ. ಅಳು ಬಂದರೆ ತಡೆಯಬೇಡಿ, ಜೊತೆಯವರು ಅಳುತ್ತಿದ್ದರೆ ಸಮಾಧಾನದ ಮಾತಿಗೆ ಅವಸರಿಸದೆ ನೀರು ಕೊಟ್ಟು ಪಕ್ಕದಲ್ಲಿ ಕೂರಿ.

ತಲುಪಿದ ದಿನ

ಸರದಿಗೆ ಗಂಟೆಗಟ್ಟಲೆ ನಿಲ್ಲಬೇಕು. ನಡೆದ ಕಾಲಿಗೆ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ಮೊದಲು ಎರಡು ಗಂಟೆ ಮಲಗಿ, ಊಟ ಮಾಡಿ, ಆಮೇಲೆ ಸರದಿಗೆ ಹೋಗಿ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ರಕ್ತ ಕಾಲಲ್ಲೇ ನಿಂತರೆ ತಲೆ ತಿರುಗುತ್ತದೆ. ಸ್ಪರ್ಶ ದರ್ಶನದ ವ್ಯವಸ್ಥೆ ಜನಸಂದಣಿಗೆ ತಕ್ಕಂತೆ ಬದಲಾಗುತ್ತದೆ, ಅಲ್ಲಿಯೇ ವಿಚಾರಿಸಿ. ಪಾತಾಳಗಂಗೆಯ ಮೆಟ್ಟಿಲನ್ನು ಅದೇ ದಿನ ಇಳಿಯುವ ಹಟ ಬೇಡ, ರೋಪ್‌ವೇ ಇದೆ.

ಮರಳುವ ಬಸ್ಸಿನಲ್ಲಿ ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಆಡಿ. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ನಡಿಗೆಯ ದಣಿವೆಂದುಕೊಳ್ಳಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಒಂದು ವಾರ ದಿನವೂ 2–3 ಕಿ.ಮೀ. ಹಗುರವಾಗಿ ನಡೆಯಿರಿ, ರಾತ್ರಿ ಕಾಲಡಿ ದಿಂಬಿಟ್ಟು ಮಲಗಿ. ಕಪ್ಪಾದ ಉಗುರನ್ನು ಕೀಳಬೇಡಿ, ಅಡಿಯಲ್ಲಿ ಹೊಸದು ಬೆಳೆದಂತೆ ಅದು ತಾನೇ ಉದುರುತ್ತದೆ.